ಸೋತ ಕೈಗೆ ಒಪ್ಪಿದ ಕ್ರಿಂಪರ್

ಹಿರಿಯೂರಿನಲ್ಲಿ ನಮ್ಮದೊಂದು ವರ್ಕ್‌ಶಾಪ್ ಇದೆ. ಬೋರ್‌ವೆಲ್ ಮೋಟರುಗಳನ್ನು ರಿಪೇರಿ ಮಾಡುವುದು, ಅವುಗಳ ಸ್ಟಾರ್ಟರ್ ಪೆಟ್ಟಿಗೆಗಳನ್ನು ಜೋಡಿಸಿ ಕೊಡುವುದು ಕಸುಬು. ಮೋಟರ್ ಕೆಲಸ ನಮ್ಮನೆಯವರದು, ಪೆಟ್ಟಿಗೆಯೊಳಗಿನ ವೈರಿಂಗ್ ನನ್ನದು. ಮದುವೆಯಾಗಿ ಬಂದ ಹೊಸದರಲ್ಲಿ ಹೊತ್ತು ಹೋಗದೆ ಕಲಿತದ್ದು, ಆಮೇಲೆ ಹುಚ್ಚೇ ಹಿಡಿಯಿತು. ಮೇಜಿನ ಮುಂದೆ ಕೂತರೆ ನನಗೆ ಊಟದ ನೆನಪೂ ಇರುವುದಿಲ್ಲ.

ಹೋದ ವರ್ಷ ಬೆರಳಿನ ಗೆಣ್ಣುಗಳಿಗೆ ವಾತ ಹಿಡಿಯಿತು. ವೈರಿನ ಸಿಪ್ಪೆಯನ್ನು ನಾವು ಹಲ್ಲಿನಲ್ಲಿ ಕಚ್ಚಿ ಎಳೆಯುವವರು, ಅದು ಹೇಗೋ ನಡೆಯಿತು. ಆದರೆ ತುದಿಗೆ ಲಗ್ಗು ಎಂಬ ತಾಮ್ರದ ಕೊಳವೆ ತೊಡಿಸಿ ಪ್ಲೈಯರ್‌ನಲ್ಲಿ ಅದುಮಲು ಕೈಯಲ್ಲಿ ಕಸುವು ಬೇಕಲ್ಲ! ಪೆಟ್ಟಿಗೆಯನ್ನು ಗಿರಾಕಿಗೆ ಕೊಡುವ ಮುನ್ನ ನಮ್ಮನೆಯವರು ಒಂದೊಂದು ವೈರನ್ನೂ ಜಗ್ಗಿ ನೋಡುತ್ತಾರೆ. ಒಂದು ದಿನ ನಾನು ಅದುಮಿದ ಲಗ್ಗಿನಿಂದ ವೈರು ಕಳಚಿ ಸೀದಾ ಅವರ ಕೈಗೇ ಬಂತು. ಹಾಗೇ ಹೋಗಿದ್ದರೆ ಆ ಸಡಿಲ ಜೋಡಣೆ ಕಾದು ಪೆಟ್ಟಿಗೆಯೇ ಸುಟ್ಟುಹೋಗುತ್ತಿತ್ತು.

"ಸಾಕು ಬಿಡು, ಯಾಕೆ ಒದ್ದಾಡ್ತೀಯ? ವೈರಿಂಗಿಗೆ ಬೇರೆಯವರನ್ನ ಇಟ್ಕಳಾಣ. ನೀನು ಗಿರಾಕಿಗಳ ಫೋನ್ ನೋಡ್ಕಂಡು ಕುಂತ್ಕ," ಎಂದರು. ನನ್ನ ಮೇಲಿನ ಕರುಣೆಯಿಂದಲೇ ಹೇಳಿದ ಮಾತು, ಗೊತ್ತು. ಆದರೂ ಮೈಯೆಲ್ಲ ಉರಿದುಹೋಯಿತು. ಹಲೋ ಹಲೋ ಅನ್ನುತ್ತಾ ಕೂರಲು ನಾನೇನು ಗಿಣಿಯೇ?

ಅವತ್ತು ಪಾತ್ರೆ ತೊಳೆಯುವ ಸದ್ದು ಬೀದಿಗೆಲ್ಲ ಕೇಳಿಸಿರಬೇಕು. ನಮ್ಮತ್ತೆ ಧರ್ಮಪುರದ ಕಡೆಯವರು, ಬಿತ್ತನೆಗೆ ಶೇಂಗಾ ಸುಲಿದು ಸುಲಿದು ಬೆರಳು ಸೊಟ್ಟಗಾದ ಹೆಂಗಸು. ಒಳಗೆ ಬಂದು, "ಪಾತ್ರೆ ಏನೇ ಮಾಡೈತೆ ನಿಂಗೆ? ನಿನ್ನ ಕೈಗೆ ತಕ್ಕ ಸಾಮಾನು ತರಾಣ ನಡಿ," ಎಂದರು.

ಮರುದಿನ ಇಬ್ಬರೂ ಚಿತ್ರದುರ್ಗದ ಬಸ್ಸು ಹತ್ತಿದೆವು. ಅತ್ತೆಯ ಚೀಲದಲ್ಲಿ ವರ್ಕ್‌ಶಾಪಿನ ಚೂರು ವೈರುಗಳು, ಒಂದಿಷ್ಟು ಲಗ್ಗು.

"ಬರ್ರಿ ಅಮ್ಮ, ಕುಂತ್ಕಳ್ರಿ," ಎಂದು ಅಲ್ಲಿನ ಎಲೆಕ್ಟ್ರಿಕಲ್ ಅಂಗಡಿಯವರು ಸಾಮಾನುಗಳನ್ನು ಹರಡಿದರು. ಸಿಪ್ಪೆ ಸುಲಿಯುವ ಸ್ಟ್ರಿಪ್ಪರ್ ಆರಿಸುವುದು ಕಷ್ಟವಾಗಲಿಲ್ಲ. ಒಂದನ್ನು ಮೆಲ್ಲನೆ ಹಿಸುಕಿದರೆ ತಾನೇ ವೈರನ್ನು ಹಿಡಿದು ಸಿಪ್ಪೆ ಎಳೆದುಬಿಟ್ಟಿತು. ಅಬ್ಬಾ, ಹಲ್ಲಿಗೆ ರಜೆ! ತಲೆನೋವಾದದ್ದು ಲಗ್ಗು ಅದುಮುವ ಕ್ರಿಂಪರ್. ಒಂದರ ಹಿಡಿ ಎಷ್ಟು ಅಗಲವೆಂದರೆ ಬೆರಳೇ ಎಟುಕಲಿಲ್ಲ. ಇನ್ನೊಂದು ಕೆಂಪು ಹಿಡಿಯದು, ಹಗುರ, ನೋಡಲೂ ಚೆಂದ. ಲಗ್ಗು ಗಟ್ಟಿಯಾಗಿ ಕೂತಿತು.

"ಇದೇ ಇರ್ಲಿ ಅತ್ತೆ," ಎಂದೆ.

"ತಡಿಯೇ! ಮೊದಲ್ನೇ ಹಿಡಿ ಶೇಂಗಾ ಎಲ್ರೂ ಸುಲೀತಾರೆ. ಕೈ ಸೋತ ಮ್ಯಾಲೆ ನೋಡ್ಬೇಕು. ಅದುಮು," ಎಂದು ಅತ್ತೆ ಸ್ಟೂಲಿನ ಮೇಲೆ ಗಟ್ಟಿಯಾಗಿ ಕೂತರು.

ಅದುಮಿದೆ. ಬಲ್ಬಿಗೆ ಬಂದವರು, ಸ್ವಿಚ್ಚಿಗೆ ಬಂದವರು ನಮ್ಮನ್ನು ನೋಡುತ್ತಾ ಹೋದರು. ನನಗೋ ನಾಚಿಕೆ. ಅತ್ತೆ ಮಾತ್ರ ಒಂದೊಂದೇ ವೈರನ್ನು ಮುಂದೆ ಹಿಡಿಯುತ್ತಲೇ ಇದ್ದರು. ಕೈ ಸೋತಿತು. ಕೆಂಪು ಹಿಡಿಯಲ್ಲಿ ಅದುಮಿದ್ದು ಎಳೆದರೆ ಕಳಚಿ ಬಂತು.

ಆಗ ಅಂಗಡಿಯವರು ಒಳಗಿನಿಂದ ರ್ಯಾಚೆಟ್ ಇರುವ ಮತ್ತೊಂದನ್ನು ತಂದರು. ಅದರಲ್ಲಿ ಅರ್ಧ ಅದುಮಿ ಬಿಟ್ಟರೂ ಅದುಮಿದಷ್ಟು ಹಾಗೇ ನಿಲ್ಲುತ್ತದೆ. ಉಸಿರು ತಗೊಂಡು ಮತ್ತೆ ಅದುಮಬಹುದು. ಅದೇ ಸೋತ ಕೈಯಲ್ಲಿ ಅದುಮಿದೆ, ನಿಂತೆ, ಮತ್ತೆ ಅದುಮಿದೆ. ಟಕ್ ಎಂದು ಕೂತಿತು. ಎಷ್ಟು ಎಳೆದರೂ ಕಳಚಲಿಲ್ಲ.

"ಪೂರ್ತಿ ಅದುಮೋವರೆಗೂ ಇದು ಬಾಯಿ ಬಿಡಲ್ಲ ಕಣಮ್ಮ," ಎಂದರು ಅಂಗಡಿಯವರು.

"ನಮ್ಮ ಸೊಸೆನೂ ಹಂಗೇ, ಹಿಡಿದ ಪಟ್ಟು ಬಿಡಲ್ಲ. ಜೋಡಿ ಸರಿ ಐತೆ, ಕಟ್ರಿ," ಎಂದರು ಅತ್ತೆ.

ಊರಿಗೆ ಬಂದು ಹೊಸ ಲಗ್ಗೊಂದನ್ನು ಅದುಮಿ ನಮ್ಮನೆಯವರ ಮುಂದಿಟ್ಟೆ. ಅವರು ಲಗ್ಗನ್ನು ಮೇಜಿನ ವೈಸಿನ ದವಡೆಗೆ ಕಚ್ಚಿಸಿ, ವೈರನ್ನು ಇಕ್ಕಳದಲ್ಲಿ ಹಿಡಿದು ಜಗ್ಗಿದರು. ವೈರೇ ಹರಿದುಹೋಯಿತು, ಲಗ್ಗು ಕದಲಲಿಲ್ಲ. ಅವರು ಹೊಸ ಪೆಟ್ಟಿಗೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. "ಬೇರೆಯವರು ಯಾಕೆ? ನೀನೇ ಮಾಡು," ಎಂದರು.

ಅಲ್ಲೇ ನಿಂತಿದ್ದ ಅತ್ತೆಯ ಕಡೆ ತಿರುಗಿದೆ. "ಸೋತ ಕೈಲೇ ನೋಡ್ಬೇಕು ಅಂತ ನಿಮಗೆ ಹೆಂಗೆ ಹೊಳೀತು ಅತ್ತೆ?" ಎಂದು ಕೇಳಿದೆ.

"ನನ್ನ ಕೈ ಸೋತಾಗ ಯಾರೂ ಕೇಳ್ಲಿಲ್ಲ ಕಣೆ," ಎಂದರು.

ಅವರ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡೆ.