ಒಳಗಿದ್ದವರಿಗೆ ಹೊಡೆಯದ ಕರೆಂಟು

ಹೊಸ ರಬ್ಬರ್ ಪೈಪನ್ನು ಬಿಸಿಲಿನಲ್ಲಿ ಬಿಡಿಸಿದಾಗ ಬರುವ ವಾಸನೆ ನಿಮಗೂ ಗೊತ್ತಿರಬಹುದು. ಕಳೆದ ಭಾನುವಾರ ಬಸವೇಶ್ವರನಗರದ ನಮ್ಮ ಮನೆಯ ಮುಂದೆ ಅದೇ ವಾಸನೆ. ತಮ್ಮನ ಮೊಮ್ಮಗ ಶರತ್ ಒಳಗೇ ಅಡುಗೆ ಮಾಡಿ ಮಲಗಬಹುದಾದ ಕ್ಯಾಂಪರ್ ವ್ಯಾನು ಕೊಂಡಿದ್ದಾನೆ. ನಮ್ಮ ನಲ್ಲಿಗೆ ಪೈಪು, ನಮ್ಮ ಪ್ಲಗ್ಗಿಗೆ ವೈರು ಸಿಕ್ಕಿಸಿ, ಅಂದಿಗೆ ಎರಡು ದಿನದಿಂದ ಹೆಂಡತಿಯೊಡನೆ ಅದರಲ್ಲೇ ವಾಸ. ಜಗತ್ತಿನಲ್ಲಿ ಇದು ಹೊಸ ಸಂಗತಿ ಎಂದು ಅವನ ನಂಬಿಕೆ. ನಮ್ಮ ಚಿಕ್ಕಪ್ಪ ಇದನ್ನು ಐವತ್ತರ ದಶಕದಲ್ಲೇ ರಾಜಾಜಿನಗರದಲ್ಲಿ ಮಾಡಿದ್ದರು. ಚಿಕ್ಕಮ್ಮ ಅದರಲ್ಲಿ ಜೀವ ಕಳೆದುಕೊಳ್ಳದೆ ಉಳಿದದ್ದು ಚಿಕ್ಕಪ್ಪನ ಜಾಣತನದಿಂದಲ್ಲ.

ಚಿಕ್ಕಪ್ಪ ಮಿಲಿಟರಿಯಲ್ಲಿ ಮೋಟಾರು ಮೆಕ್ಯಾನಿಕ್ ಆಗಿದ್ದವರು. ಅಲ್ಲಿಂದ ಬರುವಾಗ ಒಂದು ಜೊತೆ ಬೂಟು ಮತ್ತು ತಮ್ಮ ಮಾತೇ ಕೊನೆಯದೆಂಬ ನಂಬಿಕೆ ತಂದರು. ಎರಡನ್ನೂ ಬಿಚ್ಚುತ್ತಿದ್ದದ್ದು ಮಲಗುವಾಗ ಮಾತ್ರ. ಸೈಟು ಸಿಕ್ಕಿತು. ಮನೆ ಕಟ್ಟುವವರೆಗೆ ಬಾಡಿಗೆ ಯಾಕೆ ಎಂದು ಹರಾಜಿನಲ್ಲಿ ಹಳೆಯ ಮಿಲಿಟರಿ ಆಂಬುಲೆನ್ಸ್ ಹಿಡಿದು, ಸೈಟಿನ ನಡುವೆ ನಿಲ್ಲಿಸಿ, ನೆಲಕ್ಕೆ ಹಲಗೆ ಹೊಡೆದು ಸಂಸಾರ ಹೂಡಿದರು. ಪಕ್ಕದ ಮುದ್ದಣ್ಣನವರ ಮನೆಯಿಂದ ಬೇಲಿಯ ಮೇಲೆ ಹಾದು ಕರೆಂಟು ಬಂತು. ಬೀದಿ ನಲ್ಲಿಯಿಂದ ಪೈಪಿನಲ್ಲಿ ನೀರು. ಆ ಪೈಪು ಪೂರ್ವಾಶ್ರಮದಲ್ಲಿ ಪೆಟ್ರೋಲ್ ಎಳೆದದ್ದು. ಮೊದಲ ವಾರ ಕಾಫಿ ಕುಡಿದವರು ಬೀಡಿ ಹಚ್ಚಲು ಹೆದರುತ್ತಿದ್ದರು.

ಚಿಕ್ಕಮ್ಮ ರಾಜಮ್ಮನಿಗೆ ವ್ಯಾನಾದರೂ ಮನೆ ಮನೆಯೇ. ಮೆಟ್ಟಿಲ ಬಳಿ ಒಂದು ಕಲ್ಲು, ಬಕೆಟ್ಟು, ಚೆಂಬು. ಬಂದವರು ಚಪ್ಪಲಿ ಬಿಟ್ಟು, ಕಾಲು ತೊಳೆದು, ಬಾಗಿಲ ಕಬ್ಬಿಣದ ಹಿಡಿ ಹಿಡಿದು ಹತ್ತಬೇಕು. ರಿಯಾಯಿತಿ ಚಿಕ್ಕಪ್ಪನಿಗೆ ಮಾತ್ರ. ಅವರ ಬೂಟು ಬಿಚ್ಚಿಸುವಷ್ಟರಲ್ಲಿ ಸಾರು ಆರುತ್ತಿತ್ತು.

ನಾನಾಗ ಪತ್ರಿಕೆಯೊಂದರಲ್ಲಿ ಹೊಸ ವರದಿಗಾರ. ರಜೆಯ ದಿನ ಊಟಕ್ಕೆ ಹೋಗುತ್ತಿದ್ದೆ. ಒಂದು ಸಲ ಕಾಲು ತೊಳೆದು ಹಿಡಿ ಮುಟ್ಟಿದ್ದೇ ತಡ, ಮೊಣಕೈವರೆಗೆ ಜುಮ್ಮೆಂದಿತು.

"ಏನೋ ಕುಣೀತಿದೀಯಾ?" ಎಂದರು ಒಳಗಿನಿಂದ ಚಿಕ್ಕಪ್ಪ.

"ಕರೆಂಟು ಹೊಡೀತು ಚಿಕ್ಕಪ್ಪ."

"ದಿನವಿಡೀ ಇದರೊಳಗೇ ಇದೀನಿ. ನನಗೆ ಹೊಡೀದೇ ಇರೋದು ನಿನಗ್ಯಾಕೋ ಹೊಡೆಯುತ್ತೆ? ಪೇಪರ್ ಆಫೀಸಲ್ಲಿ ನಿದ್ದೆಗೆಟ್ಟು ನರ ಸೋತಿದೆ. ಹಾಲು ಕುಡಿ."

ಹಾಲು ಕೊಡುವವಳಿಗೂ ಹೊಡೆಯಿತು. ಅವಳಿಗೂ ಅದೇ ಔಷಧ, ಅವಳದೇ ಹಾಲು. ಮುದ್ದಣ್ಣನವರ ಹೆಂಡತಿ ಗಂಗಮ್ಮ ಮಾತ್ರ ಬೇರೆ ಕಾರಣ ಹೇಳಿದರು: "ಯುದ್ಧದಾಗೆ ಸತ್ತೋರ್ನ ಸಾಗ್ಸಿದ್ ಗಾಡಿ ಕಣಮ್ಮ. ಒಂದ್ ಕಾಯಿ ಒಡ್ಸು." ಕಾಯಿ ಒಡೆಸಿದ್ದಾಯಿತು. ಕಾಯಿನೀರು ಚೆಲ್ಲಿ ಮೆಟ್ಟಿಲ ಬುಡ ಇನ್ನಷ್ಟು ಒದ್ದೆಯಾಯಿತು.

ನಾನು ವರದಿಗಾರನ ಗತ್ತಿನಲ್ಲಿ ಟಿಪ್ಪಣಿ ಪುಸ್ತಕ ತೆಗೆದೆ. ಯಾರಿಗೆ ಹೊಡೆಯಿತು, ಯಾರಿಗೆ ಇಲ್ಲ. ಹೊಡೆಸಿಕೊಂಡವರು ಒಂಬತ್ತು ಮಂದಿ. ಒಳಗೆ ಹತ್ತದೆ, ಬೂಟುಗಾಲಿನಲ್ಲೇ ನಿಂತು ಹಿಡಿ ಹಿಡಿದು ಕಾಗದ ಕೊಡುತ್ತಿದ್ದ ಪೋಸ್ಟ್‌ಮನ್‌ಗೆ ಇಲ್ಲ. ಇದನ್ನೊಂದು ಹಾಸ್ಯ ಬರಹ ಮಾಡುವ ಯೋಚನೆಯಿತ್ತು.

ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ಪೇಪರ್ ಓದುತ್ತಿದ್ದೆ. ಚಿಕ್ಕಮ್ಮ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ, ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ಹಿಡಿ ಹಿಡಿದರು. ಕೈ ಬಿಡಲಿಲ್ಲ. ಬಾಯಿಂದ ಮಾತೂ ಬರಲಿಲ್ಲ. ಬಿಂದಿಗೆ ಉರುಳಿತು, ಕಾಲು ಕುಸಿಯಿತು, ಮೈಯ ಭಾರಕ್ಕೆ ಕೈ ಹಿಡಿಯಿಂದ ಕಿತ್ತು ಬಂತು. ನಾನು ಏಳುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಕಾಲು ಜಾರಿತೇನೇ?" ಎಂದರು ಒಳಗಿನಿಂದ ಚಿಕ್ಕಪ್ಪ.

ಚಿಕ್ಕಮ್ಮ ಕಲ್ಲಿನ ಮೇಲೆ ಕೂತರು. ಅಂಗೈ ಸುಟ್ಟಿತ್ತು. "ಜಾರ್ಲಿಲ್ಲ. ತಿಂಗಳಿಂದ ದಿನಾ ಹೊಡೀತಿತ್ತು. ಇವತ್ತು ಹಿಡ್ಕೊಂಡ್ಬಿಡ್ತು."

"ನನಗೆ ಹೇಳ್ಬಾರ್ದಿತ್ತಾ?" ಎಂದರು ಚಿಕ್ಕಪ್ಪ.

"ಹೇಳ್ದೋರ್ಗೆಲ್ಲ ಹಾಲು ಕುಡ್ಸಿದ್ರಲ್ಲ."

ಚಿಕ್ಕಪ್ಪ ಬಾಗಿಲಿಗೆ ಬಂದು, "ಸರಿ, ಒಳಗೆ ಬಾ" ಎಂದರು.

"ನೀವು ಕೆಳಗೆ ಬನ್ನಿ. ಬೂಟು ಬಿಚ್ಚಿ, ಕಾಲು ತೊಳ್ಕೊಂಡು, ನನ್ನ ಹಾಗೇ ಹತ್ತಿ ತೋರ್ಸಿ. ಅಲ್ಲೀವರೆಗೂ ನಾನು ಈ ಕಲ್ಲು ಬಿಟ್ಟು ಏಳಲ್ಲ."

ಬೇಲಿಯ ಬಳಿ ಗಂಗಮ್ಮ ಮತ್ತು ಇನ್ನಷ್ಟು ಜನ ಸೇರಿದ್ದರು. ಚಿಕ್ಕಪ್ಪ ಇಳಿದು, ಅವರೆದುರು ನಿಧಾನವಾಗಿ ಬೂಟಿನ ದಾರ ಬಿಚ್ಚಿ, ಕಾಲಿಗೆ ನೀರು ಹಾಕಿಕೊಂಡು ಕೈ ಚಾಚಿದರು.

"ಹಿಡೀಬೇಡಿ," ಎಂದರು ಚಿಕ್ಕಮ್ಮ, ಗಕ್ಕನೆ. "ಹಿಂಗೈಯಲ್ಲಿ ಮುಟ್ಟಿ, ಸಾಕು."

ಒಂದು ತಿಂಗಳು ಚಿಕ್ಕಮ್ಮ ಮನೆಯೊಳಗೆ ಹೋಗುತ್ತಿದ್ದದ್ದು ಹೇಗೆಂದು ನನಗೆ ಆಗ ತಿಳಿಯಿತು. ಮೊದಲು ಹಿಂಗೈ ತಾಗಿಸಿ ನೋಡಿ, ಹೊಡೆದರೆ ಹಿಡಿ ಹಿಡಿಯದೆ ಹತ್ತುತ್ತಿದ್ದರು. ಬಿಂದಿಗೆಯ ಭಾರಕ್ಕೆ ಅಂದು ಮರೆತಿದ್ದರು, ಅಷ್ಟೆ.

ಚಿಕ್ಕಪ್ಪ ಮುಟ್ಟಿದರು. ಮರುಕ್ಷಣ ಕೆಸರಿನಲ್ಲಿ ಕೂತಿದ್ದರು.

"ಯಜಮಾನ್ರಿಗೂ ನರ ಸೋತೈತೆ, ಹಾಲು ಕೊಡ್ರವ್ವ," ಎಂದರು ಗಂಗಮ್ಮ.

ಚಿಕ್ಕಪ್ಪ ಎದ್ದು ಬಂದರು. ಹೆಂಡತಿಯ ಅಂಗೈಯನ್ನು ತಿರುಗಿಸಿ ನೋಡಿದರು. ಆಮೇಲೆ ಬರಿಗಾಲಿನಲ್ಲೇ ಮುದ್ದಣ್ಣನವರ ಮನೆಗೆ ಓಡಿ ಸ್ವಿಚ್ಚು ಆರಿಸಿದರು.

ಗಿರಣಿಯ ಎಲೆಕ್ಟ್ರಿಷಿಯನ್ ಒಬ್ಬ ಬಂದು ನೋಡಿದ. ಚಿಕ್ಕಪ್ಪ ವ್ಯಾನಿನ ತಗಡಿಗೆ ತೂತು ಕೊರೆದು ವೈರು ನುಗ್ಗಿಸಿದ್ದರು. ತೂತಿನ ಅಂಚಿಗೆ ರಬ್ಬರ್ ಕೂಡಿಸಿರಲಿಲ್ಲ. ಅಂಚು ವೈರಿನ ಹೊದಿಕೆ ಕೊಯ್ದು, ಇಡೀ ವ್ಯಾನಿನ ಮೈಗೆ ಕರೆಂಟು ಹತ್ತಿತ್ತು. ಟೈರಿನಿಂದಾಗಿ ಅದು ನೆಲಕ್ಕೆ ಇಳಿಯುವಂತಿಲ್ಲ. ಒದ್ದೆಗಾಲಿನವರು ಯಾರಾದರೂ ಮುಟ್ಟಲೆಂದು ಕಾಯುತ್ತಿತ್ತು. ಹಲಗೆಯ ಮೇಲೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಅವನು ವೈರು ಬದಲಿಸಿ, ಗುಂಡಿ ತೋಡಿ ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಕೊಟ್ಟ. ನೀರಿನ ಪೈಪನ್ನು ವೈರಿನಿಂದ ದೂರ, ವ್ಯಾನಿನ ಇನ್ನೊಂದು ಬದಿಗೆ ಹಾಕಿಸಿದ. ಚಿಕ್ಕಪ್ಪ ಕುಡಿಯುವ ನೀರಿಗೆಂದೇ ಹೊಸ ಪೈಪು ತಂದರು.

ನಾನು ಆ ಹಾಸ್ಯ ಬರಹ ಬರೆಯಲಿಲ್ಲ. ನನ್ನ ಒಂಬತ್ತು ಹೆಸರುಗಳಲ್ಲಿ ಚಿಕ್ಕಮ್ಮನದು ಇರಲಿಲ್ಲ. ಮನೆಗೆ ಬಂದುಹೋದವರನ್ನೆಲ್ಲ ಕೇಳಿದ್ದೆ, ಪೋಸ್ಟ್‌ಮನ್‌ನನ್ನೂ ಬಿಟ್ಟಿರಲಿಲ್ಲ. ಎದುರಿಗೆ ಕೂತು ಅನ್ನ ಬಡಿಸುತ್ತಿದ್ದವರನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಇದಕ್ಕೆ ಅಂಥ ಜಾಗ ಸಿಗಲಿಲ್ಲ.

ಭಾನುವಾರ ಶರತ್ ಕಿಟಕಿಯಿಂದ ಕರೆದ: "ಬನ್ನಿ ತಾತ, ಹತ್ತಿ. ಎಲ್ಲ ಸೇಫಾಗಿದೆ. ಎರಡು ದಿನದಿಂದ ನಾನು ಒಳಗೇ ಇದೀನಲ್ಲ."

ಅವನ ಹೆಂಡತಿ ಮೇಘನಾ ಹೊರಗೆ ಬರಿಗಾಲಲ್ಲಿ ನಿಂತು ನೀರು ತುಂಬಿಸುತ್ತಿದ್ದಳು. ನಾನು ಅವಳ ಬಳಿ ಹೋದೆ.

"ಬಾಗಿಲು ಮುಟ್ಟಿದಾಗ ಏನಾದರೂ ಅನ್ನಿಸಿತೇನಮ್ಮ?"

ಉತ್ತರ ಹೇಳುವ ಮೊದಲು ಅವಳು ಕಿಟಕಿಯಲ್ಲಿದ್ದ ಗಂಡನ ಮುಖ ನೋಡಿದಳು. ನಾನು ಮನೆಯೊಳಗೆ ಹೋಗಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತೆ.