ಬದುವಿನ ಮೇಲಿನ ಬಾರೆ ಗಿಡ

ಪುಸ್ತಕಗಳಲ್ಲಿ ಬೋರೆ ಅನ್ನುವ ಹಣ್ಣು ನಮ್ಮ ಕಡೆ ಬಾರೆ ಹಣ್ಣು. ಬೀಜದಿಂದ ಎದ್ದ ಒಂದು ಗಿಡದ ಹಣ್ಣಿನಂತೆ ಇನ್ನೊಂದರದು ಇರುವುದಿಲ್ಲ. ಎಪ್ಪತ್ತರ ದಶಕದಲ್ಲಿ ಇಂಥ ಗಿಡಗಳನ್ನು ಹುಡುಕುವುದೇ ನನ್ನ ನೌಕರಿಯಾಗಿತ್ತು. ಟಿಕೋಟಾ, ಬಬಲೇಶ್ವರದ ಹೊಲಗಳನ್ನು ಸೈಕಲ್ ಮೇಲೆ ಸುತ್ತಬೇಕು, ಹಣ್ಣು ತಿಂದು ನೋಡಬೇಕು, ಒಳ್ಳೆಯ ಗಿಡಕ್ಕೆ ತಗಡಿನ ನಂಬರು ಕಟ್ಟಬೇಕು. ಮಳೆಗಾಲದಲ್ಲಿ ಅದರ ಕಡ್ಡಿ ತಂದು ವಿಜಾಪುರದ ನರ್ಸರಿಯಲ್ಲಿ ಕಸಿ ಕಟ್ಟಬೇಕು. ಹೊಸ ತಳಿ ಅವುಗಳಿಂದಲೇ ಹುಟ್ಟಬೇಕಿತ್ತು. ತಿನ್ನುವುದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ಮನೆಯಲ್ಲಿ ನಗುತ್ತಿದ್ದರು.

ಕಳ್ಳಕವಟಗಿ ಹತ್ತಿರ ಹೊಲವೊಂದರ ಬದುವಿನ ಮೇಲೆ ಆ ಗಿಡ ಕಂಡಿತು. ಸಂಕ್ರಮಣ ಕಳೆದು ವಾರವಾಗಿತ್ತು, ಮಟಮಟ ಮಧ್ಯಾಹ್ನ. ಗಿಡದ ತುಂಬ ಹಣ್ಣು, ಕೆಳಗೂ ಹಣ್ಣು. ಆದರೆ ಒಂದು ಹಕ್ಕಿ ಇಲ್ಲ, ಒಂದು ಇರುವೆ ಇಲ್ಲ. ನನಗೆ ಆಗಲೇ ಹೊಳೆಯಬೇಕಿತ್ತು. ಒಂದನ್ನು ಬಾಯಿಗೆ ಹಾಕಿಕೊಂಡೆ. ಅಂಥ ಸಿಹಿ ಹಣ್ಣನ್ನು ಅಲ್ಲಿಯವರೆಗೆ ತಿಂದಿರಲಿಲ್ಲ.

“ಉಗುಳ್ರಿ ಸಾಹೇಬ್ರ.”

ಹಿಂದೆ ಕೊಡ ಹಿಡಿದ ಹೆಂಗಸು. ಬಂದ ಸಪ್ಪಳವೇ ಆಗಿರಲಿಲ್ಲ. ಹೊಲ ಅವಳದೇ. ಬುಡಕ್ಕೆ ನೀರು ಹೊಯ್ಯುತ್ತಲೇ ಹೇಳಿದಳು: “ಭಾಳ ವರ್ಷದ ಹಿಂದ ಸಂಕ್ರಮಣದ ಶಾಸ್ತ್ರಕ್ಕ ಮಗಳ ತಲಿ ಮ್ಯಾಲ ಬಾರಿಹಣ್ಣ ಎರದಿದ್ವಿರಿ. ಮರುದಿನ ಜ್ವರ ಬಂದು ಹೋದ್ಳು. ಕೈಯಾಗ ಒಂದ ಹಣ್ಣ ಇತ್ತು, ಮುಷ್ಟಿ ಬಿಚ್ಚಾಕ ಬರಲಿಲ್ಲ. ಹಂಗ ಇಲ್ಲೇ ಮಣ್ಣ ಮಾಡಿದ್ವಿ. ಇದು ಅಕಿ ಕೈಯಾಗಿನ ಗಿಡ.”

“ಇದರ ಕಡ್ಡಿ ಬೇಕಾಗ್ಯಾವ್ರಿ ಅವ್ವಾ. ಇಂಥಾ ಗಿಡ ಎಲ್ಲೂ ಇನ್ನೊಂದಿಲ್ಲ,” ಅಂದೆ.

“ಅದಕ್ಕ ಬ್ಯಾಡ ಅನ್ನಾಕತ್ತೇನಿ.”

ನನಗೆ ಹಟ ಹುಟ್ಟಿತು. ಮಳೆ ಶುರುವಾದ ಮೇಲೆ, ಅವಳು ಊಟಕ್ಕೆ ಮನೆಗೆ ಹೋದ ಹೊತ್ತು ನೋಡಿ ಆರು ಕಡ್ಡಿ ಕತ್ತರಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ತಂದೆ. ಈಗ ಅದನ್ನು ಕಳ್ಳತನ ಅನ್ನುತ್ತೇನೆ. ಆಗ ಕರ್ತವ್ಯ ಅನ್ನುತ್ತಿದ್ದೆ. ದಾರಿಯುದ್ದಕ್ಕೂ ಸೈಕಲ್ಲಿನ ಹಿಂದೆ ಮಗು ಕೂತಷ್ಟು ಭಾರವಿತ್ತು. ಗೋಣಿ ಒದ್ದೆಯಾಗಿದೆಯಲ್ಲ, ಅದಕ್ಕೆ ಎಂದುಕೊಂಡೆ.

ನರ್ಸರಿಯಲ್ಲಿ ಕಾಡುಬಾರೆಯ ಸಸಿಗಳಿಗೆ ಕಸಿ ಕಟ್ಟಿದೆ. ಕಟ್ಟಿದ್ದೆಲ್ಲ ಕರ್ರಗೆ ಒಣಗಿತು. ಒಂದರಲ್ಲಿ ಮಾತ್ರ ಚಿಗುರು ಬಂತು, ಅದೂ ಕಟ್ಟಿನ ಕೆಳಗಿಂದ. ಅಂದರೆ ಅವಳ ಗಿಡದ ಅಂಶ ಸತ್ತು, ಕಾಡು ಸಸಿ ಚಿಗುರಿತ್ತು.

ಮತ್ತೆ ಕಡ್ಡಿ ತರಲು ಹೋದರೆ ಬದುವಿನ ಗಿಡ ಬುಡಸಹಿತ ಒಣಗಿ ನಿಂತಿತ್ತು. ಬಾರೆ ಗಿಡ ಕಡಿದರೂ ಚಿಗುರುವ ಜಾತಿ, ಆರು ಕಡ್ಡಿಗೆ ಸಾಯುವಂಥದ್ದಲ್ಲ. ಕಾರಣ ನನಗೆ ಇಂದಿಗೂ ಗೊತ್ತಿಲ್ಲ. ಅವಳು ಬುಡದಲ್ಲೇ ಕೂತಿದ್ದಳು.

“ಎಲ್ಲಿಟ್ಟೀರಿ ಅಕಿನ್ನ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. “ವಿಜಾಪುರದ ನರ್ಸರ್ಯಾಗ ಅದಾಳ್ರಿ. ಚಿಗತಾಳ,” ಅಂದುಬಿಟ್ಟೆ.

ಮರುದಿನವೇ ಬಸ್ಸು ಹತ್ತಿ ಬಂದಳು, ಕೈಯಲ್ಲಿ ತನ್ನ ಹೊಲದ ಬಾವಿಯ ನೀರು ತುಂಬಿದ ತಂಬಿಗೆ. ಬಂದಾಳೆಂಬ ಹೆದರಿಕೆಯಿಂದ, ಚಿಗುರಿದ ಸಸಿಯ ಕಟ್ಟು ಕಾಣದಂತೆ ನಾನು ಮೊದಲೇ ಕೆಸರು ಮೆತ್ತಿ ಮುಚ್ಚಿದ್ದೆ. ಅವಳು ಅದರ ಮುಂದೆ ಕೂತು, ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಕಣ್ಣು ಮುಚ್ಚಿದಳು.

“ಇದು ನಮ್ಮಕಿ ಅಲ್ರಿ.”

ಅವಳು ಎದ್ದು ಗೇಟಿನವರೆಗೆ ಹೋದಳು. ಅಲ್ಲಿ ನಿಂತು ಏನನ್ನೋ ಕೇಳಿಸಿಕೊಂಡವಳಂತೆ ತಿರುಗಿ ಬಂದು, ತಂಬಿಗೆಯ ನೀರನ್ನೆಲ್ಲ ಆ ಕಾಡು ಸಸಿಯ ಬುಡಕ್ಕೆ ಹೊಯ್ದಳು.

“ಯಾರ ಕೂಸೋ ಏನೋ. ನೀರ ಕೇಳಾಕತ್ತೈತಿ.”