ಎತ್ತಿದ ಕೈ

ನಾನು ಗುಮಾಸ್ತನಾಗಿದ್ದ ಬಳ್ಳಾರಿಯ ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ 'ಕಾರಣ' ಎಂಬ ಅಂಕಣದ ಅಗಲ ಸರಿಯಾಗಿ ಎರಡು ಬೆರಳು. ಅದಕ್ಕಿಂತ ಉದ್ದದ ಕಾರಣ ಹೊತ್ತುಕೊಂಡು ಯಾರೂ ಬರಕೂಡದೆಂದು ಆ ಗೆರೆ ಎಳೆದ ಪುಣ್ಯಾತ್ಮ ನಿಶ್ಚಯಿಸಿದ್ದಿರಬೇಕು. ನಾನೂ ಎಪ್ಪತ್ತರ ದಶಕದ ಬಹುಭಾಗ ಅವನ ಮಾತು ಮೀರದೆ, 'ಬಿದ್ದು', 'ಜ್ವರ', 'ಹಾವು' ಎಂದು ಚುಟುಕಾಗಿ ತುಂಬಿ ಚಹಾಕ್ಕೆ ಎದ್ದು ಹೋಗುತ್ತಿದ್ದೆ.

ಒಂದು ದಿನ ಮೇಲಿನಿಂದ ಕಾಗದ ಬಂತು. ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲಿನ ಸ್ವಾಧೀನ ಕಳೆದುಕೊಂಡವರು ದೇಶದಲ್ಲಿ ಎಷ್ಟು ಮಂದಿ, ಯಾವ ಯಾವ ಕಾರಣಕ್ಕೆ ಎಂಬುದು ತಿಳಿಯಬೇಕಂತೆ; ನಿಮ್ಮಲ್ಲಿಗೆ ಬಂದವರ ಪಟ್ಟಿ ಕಳಿಸಿ ಎಂದಿತ್ತು. ಹಳೆಯ ಪುಸ್ತಕಗಳ ಧೂಳು ಕೊಡವಿ ಕೂತೆ. ಓದುತ್ತ ಹೋದಂತೆ, ಗೆಳೆಯರೇ, ಅದರಲ್ಲಿ ನನಗೆ ನಮ್ಮ ಸೀಮೆಯ ಪಂಚಾಂಗವೇ ಕಂಡಿತು. ಹುಣಸೆ ಬಡಿಯುವ ಕಾಲಕ್ಕೆ ಕುರುಗೋಡು, ಕೊಳಗಲ್ಲಿನ ಗಂಡಸರು ಮರದಿಂದ ಬಿದ್ದು ಬರುತ್ತಿದ್ದರು. ನೀರು ಇಳಿದು ಬಾವಿ ತೋಡುವ ಬಿಸಿಲಿಗೆ ಮೋಕದ ಕಡೆಯವರು. ಸಿರುಗುಪ್ಪದಲ್ಲಿ ಭತ್ತದ ಸುಗ್ಗಿ ಎದ್ದಾಗ ತುಂಬಿದ ಬಂಡಿಯ ನೆತ್ತಿಯಿಂದ ಉರುಳಿದವರು, ಮೂಟೆ ಹೊತ್ತು ಹಲಗೆಯ ಮೇಲೆ ಜಾರಿ ಆ ಮೂಟೆಯನ್ನೇ ಕುತ್ತಿಗೆಗೆ ಹಾಕಿಕೊಂಡವರು. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತ ಹರವುತ್ತ ಒಂದು ಹೆಜ್ಜೆ ಹೆಚ್ಚು ಹಿಂದೆ ಸರಿದ ಹೆಂಗಸರು. ಬಂದ ನಮೂನೆಯಲ್ಲಿ ಮೋಟಾರು ಅಪಘಾತಕ್ಕೆ ಮೊದಲ ಸಾಲು ಮೀಸಲಾಗಿತ್ತು. ನನ್ನ ಪಟ್ಟಿಯಲ್ಲಿ ಆ ಸಾಲು ಬಹುಮಟ್ಟಿಗೆ ಖಾಲಿ. ನಮ್ಮವರು ಬೀಳುವುದು ಹೊಟ್ಟೆಪಾಡಿಗೆ ಹತ್ತಿದ ಎತ್ತರದಿಂದ.

ಆದರೆ ಬಿದ್ದ ಜಾಗಕ್ಕೂ ಆಸ್ಪತ್ರೆಯ ಬಾಗಿಲಿಗೂ ನಡುವೆ ಏನಾಯಿತೆಂದು ಕೇಳುವ ಅಂಕಣ ಎಲ್ಲಿಯೂ ಇರಲಿಲ್ಲ. ನಮ್ಮ ಕಡೆ ಯಾರಾದರೂ ಬಿದ್ದರೆ ಸುಮ್ಮನೆ ನಿಂತು ನೋಡುವುದು ಮನುಷ್ಯತನವಲ್ಲ. ಕಂಕುಳಿಗೆ ಕೈಹಾಕಿ ಎತ್ತಿ ಕೂಡಿಸಿ ಬಾಯಿಗೆ ನೀರು ಹಿಡಿಯಲೇಬೇಕು. ಈ ವಿದ್ಯೆಯಲ್ಲಿ ನಾವು ಎತ್ತಿದ ಕೈ. ಬೀಳುವಾಗ ಬರೀ ಮೂಳೆ ಮುರಿದಿರುತ್ತದೆ, ಒಳಗಿನ ಹುರಿ ಕೆಡುವುದು ಎಷ್ಟೋ ಸಲ ಹೀಗೆ ಎತ್ತಿದಾಗಲೇ ಎಂದು ನಮ್ಮ ಡಾಕ್ಟರು ಹೇಳುತ್ತಿದ್ದರು. ಅವರು ಹಾಗೆಂದಾಗಲೆಲ್ಲ ನನಗೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ಕಿಟಕಿಯ ತನಕ ಹೋಗುತ್ತಿದ್ದೆ, ಬರುತ್ತಿದ್ದೆ, ಮತ್ತೆ ಹೋಗುತ್ತಿದ್ದೆ.

ಯಾಕೆಂದರೆ ಎಂಟು ವರ್ಷ ಹಿಂದಿನ ಒಂದು ಸಾಲು ನನ್ನದೇ ಅಕ್ಷರದಲ್ಲಿತ್ತು: 'ವೀರಭದ್ರಪ್ಪ, ಕುರುಗೋಡು, ಹುಣಸೆಮರದಿಂದ ಬಿದ್ದು.' ಆತ ನನ್ನ ಅಕ್ಕ ಬಸಮ್ಮನ ಗಂಡ. ಅಂದು ಕೆಳಗೆ ಹಣ್ಣು ಆರಿಸುತ್ತಿದ್ದವನು ನಾನು. ಅಂಗಾತ ಬಿದ್ದ ಭಾವ "ನೀರು ತಾರೋ" ಅಂದರು. ಅವರ ಎಡಗಾಲಿನ ಹಿಮ್ಮಡಿ ಮಣ್ಣನ್ನು ಕೆರೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಕಂಡೂ ಎತ್ತಿ ಕೂಡಿಸಿದೆ. ಎರಡು ಗುಟುಕು ಕುಡಿದವರು ಕಾಲಿನ ಕಡೆಯೇ ನೋಡುತ್ತ ಕೂತರು. ಹಿಮ್ಮಡಿ ಆಡುವುದು ನಿಂತಿತ್ತು. "ಎತ್ತೂಕಿಂತ ಮೊದಲು ಕಾಲು ಆಡಿಸ್ತಿದ್ರೇನು?" ಎಂದು ಡಾಕ್ಟರು ಕೇಳಿದಾಗ "ನೆನಪಿಲ್ರೀ" ಎಂದುಬಿಟ್ಟೆ.

ಆ ಸುಳ್ಳಿನ ಭಾರ ಬಿದ್ದದ್ದು ಅಕ್ಕನ ಮೇಲೆ. "ಹಣ್ಣು ಬೇಕು ಅಂದಾಕಿ ನಾನ. ನನ್ನ ನಾಲಿಗಿ ಇವರ ಕಾಲು ತಿಂತು" ಎಂದು ಆಕೆ ಕಂಡಕಂಡವರ ಮುಂದೆ ಅಳುತ್ತಿದ್ದಳು. ಅಂದಿನಿಂದ ಆ ಮನೆಯೊಳಗೆ ಹುಣಸೆಹಣ್ಣು ಬರಲಿಲ್ಲ. ಸಾರಿಗೆ ನಿಂಬೆ, ಇಲ್ಲವೇ ಮಾವಿನಕಾಯಿ. ಹೋದಾಗಲೆಲ್ಲ ಆ ಸಾರನ್ನು ಸುರಿದು ಉಂಡು, ಬಾಯಿ ಒರೆಸಿಕೊಂಡು ಬಂದಿದ್ದೇನೆ. ನನ್ನ ಬಗ್ಗೆ ನನಗೆ ಹೇಸಿಗೆ.

ಪಟ್ಟಿ ಅರ್ಧಕ್ಕೇ ಬಿಟ್ಟು, ಆ ಭಾನುವಾರ ಕುರುಗೋಡಿನ ಬಸ್ಸು ಹತ್ತಿದೆ. ಕೂರಲು ಸೀಟಿದ್ದರೂ ನಿಂತೇ ಹೋದೆ. ಪಡಸಾಲೆಯ ಮಂಚದ ಪಕ್ಕ ನಿಂತು, ಹಿಮ್ಮಡಿಯ ಮಾತನ್ನೂ ನನ್ನ ಕೈಯ ಮಾತನ್ನೂ ಒಂದೇ ಉಸಿರಿಗೆ ಭಾವನಿಗೆ ಹೇಳಿದೆ.

ಭಾವ ಜಂತೆ ನೋಡುತ್ತ ಅಂದರು: "ನನಗ ಅವತ್ತ ಗೊತ್ತಾಗಿತ್ತು. ಕಾಲು ನಂದಲ್ಲೇನೋ? ಹೇಳಿದ್ರ ನೀ ಮತ್ತ ಈ ಕಡಿ ಬರ್ತಿದ್ದಿಲ್ಲ."

ಒಂದು ಗಳಿಗೆ ನನ್ನ ಎದೆ ಹಗುರಾಯಿತು. ಹೇಳಿಕೊಳ್ಳಲು ನಾಚಿಕೆ, ಆದರೂ ಆಯಿತು. ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಅಕ್ಕ.

"ಇಬ್ರಿಗೂ ಗೊತ್ತಿತ್ತು" ಅಂದಳು. "ಎಂಟು ವರ್ಷ ನಾ ಒಬ್ಬಾಕಿ ಅತ್ತೆ. ಕೇಳ್ಕೋಂತ ಕುಂತ್ರಿ. ಒಬ್ರಿಗೂ ಬಾಯಿ ಬರ್ಲಿಲ್ಲ."

ಬೆನ್ನಿಗೆ ಹುಣ್ಣಾಗದಂತೆ ಭಾವನನ್ನು ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಮಂಚದ ಆಚೆ ಬದಿಗೆ ಹೋಗಿ ನಿಂತಳು.

"ಬಾ, ಹಿಡಿ" ಅಂದಳು. "ಕಂಕುಳಾಗ ಕೈ ಹಾಕಬ್ಯಾಡ. ನಾ ಹೇಳಿದಂಗ ಹಿಡಿ."

ಆಕೆ ಹೇಳಿದ ಹಾಗೆ ಹಿಡಿದೆ. ಅಕ್ಕ ನನ್ನ ಮುಖ ನೋಡಲಿಲ್ಲ.